ಆಯೇರಿ ಬೇಡವೆಂದ ನಾಟಕ

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಉಳಿದವರೆಲ್ಲ ಕೋಟೆಯದೋ ಸಂತೆಯದೋ ಫೋಟೊ ಅಂಟಿಸಿ, ನಾಲ್ಕು ಪುಟ ಬರೆದು ಕೈತೊಳೆದುಕೊಂಡರು. ನಮ್ಮ ಗುಂಪಿಗೆ ಮಾತ್ರ ನಾಟಕದ ಹುಚ್ಚು. ಅದೂ ಸಣ್ಣದಲ್ಲ. ಮಲಪ್ರಭೆ ಉಕ್ಕಿ ಬಂದಾಗ ಹೊಳೆಆಲೂರಿನ ಕಡೆಯ ಒಂದು ಊರಿಗೆ ಊರೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂತ ಕಥೆ. ರೈಲು ಬೇಕು, ಹೊಳೆ ಬೇಕು, ಒಂದು ಊರಿನಷ್ಟು ಮಂದಿ ಬೇಕು. ಬರೆದವಳು ನಾನು, ನಿರ್ದೇಶಕಿಯೂ ನಾನೇ. ನನ್ನ ಬಾಯಿ ಜೋರು ಎನ್ನುವುದೊಂದೇ ಅದಕ್ಕೆ ಅರ್ಹತೆ.

ಮನೆಯಲ್ಲಿ ಹೇಳಿದ ದಿನ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಲಾಳಿ ನಿಲ್ಲಿಸದೆಯೇ ಕೇಳಿದ.

"ನಿಂದೇನ ಪಾರ್ಟು?"

"ನಂದ ಪಾರ್ಟಿಲ್ಲಪ. ನಾ ಕಲಿಸಾಕಿ."

"ಹಂಗಾದ್ರ ಮಾಡು. ಸ್ಟೇಜ್ ಮಾತ್ರ ಹತ್ತಬ್ಯಾಡ."

ನಮ್ಮ ಕಡೆ ಊರ ನಾಟಕಗಳಲ್ಲಿ ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದೇ ರೂಢಿ. ಗಜೇಂದ್ರಗಡದ ನಮ್ಮ ನೇಕಾರರ ಓಣಿಯ ಹುಡುಗಿ ಯಾರೂ ಬಣ್ಣ ಹಚ್ಚಿದ್ದಿಲ್ಲ. ನಾನು ವಾದಕ್ಕೆ ಹೋಗಲಿಲ್ಲ. ನೋಡಾಕರ ಬಾ ಎಂದೆ.

"ನೀ ಇರಲಾರದ ನಾಟಕ ನಾ ಯಾಕ ನೋಡ್ಲಿ?" ಎಂದ ಅಪ್ಪ.

ಹತ್ತಬಾರದೆಂದವನೂ ಅವನೇ, ಇಲ್ಲದ ಮೇಲೆ ಬರುವುದಿಲ್ಲ ಎಂದವನೂ ಅವನೇ! ಸಿಟ್ಟು ನೆತ್ತಿಗೇರಿತು. ಖರೇ ಹೇಳಬೇಕೆಂದರೆ ಮಾರ್ಕಿನ ಚಿಂತೆ ನನಗೆ ಅಷ್ಟೇನೂ ಇರಲಿಲ್ಲ. ಅಪ್ಪ ಬರಬೇಕಿತ್ತು. ನಾನು ಮಾಡಿದ್ದನ್ನು ಅವನು ಒಮ್ಮೆ ಕಣ್ಣಾರೆ ನೋಡಬೇಕಿತ್ತು, ಅಷ್ಟೆ.

ಕೆಲಸ ಶುರುವಾಯಿತು. ಅಸೂಟಿಯ ಗೆಳೆಯರು ತಮ್ಮ ಟ್ರ್ಯಾಕ್ಟರಿನ ಟ್ರೇಲರುಗಳನ್ನು ಸಾಲಾಗಿ ನಿಲ್ಲಿಸಿ ರೈಲು ಮಾಡಿಕೊಡುತ್ತೇವೆ ಎಂದರು, ಆದರೆ ಜೋಳ ಒಕ್ಕಿ ರಾಶಿ ಮುಗಿದ ಮೇಲೆ. ಹೀಗಾಗಿ ನಾಟಕದ ದಿನವನ್ನು ಕಾಲೇಜಿಗಿಂತ ಮೊದಲು ಜೋಳವೇ ನಿಗದಿ ಮಾಡಿತು. ಸೂಡಿಯ ಹುಡುಗರಿಗೆ ಸಂಜೆಯ ಬಸ್ಸು ತಪ್ಪಬಾರದು, ಹೊಳೆ ಎಳೆಯುವವರು ಅವರೇ, ಅವರಿಲ್ಲದೆ ಪ್ರವಾಹ ಆಗದು. ಅದಕ್ಕೇ ತಾಲೀಮಿನಲ್ಲಿ ದಿನವೂ ಮೊದಲು ಊರು ಮುಳುಗುತ್ತಿತ್ತು, ಆಮೇಲೆ ಮಳೆ ಶುರುವಾಗುತ್ತಿತ್ತು. ಹೊಳೆಗೆಂದು ಓಣಿಯ ಹೆಂಗಸರು ಹಳೇ ಸೀರೆ ಕೊಟ್ಟರು. ಅವ್ವ ಅವನ್ನೆಲ್ಲ ಸೆರಗಿಗೆ ಸೆರಗು ಸೇರಿಸಿ ಹೊಲಿದಳು. ಅಪ್ಪ ಆ ರಾಶಿಯನ್ನು ದಾಟಿಕೊಂಡೇ ಮಗ್ಗಕ್ಕೆ ಓಡಾಡಿದ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ನಾಟಕ ನಡೆದಾಗ ನಟನ ಮಾವನೋ ಕಾಕಾನೋ ಸ್ಟೇಜ್ ಹತ್ತಿ ಹಾರ ಹಾಕಿ, ಶಾಲು ಹೊದಿಸಿ, ಮೈಕಿನಲ್ಲಿ ತನ್ನ ಹೆಸರು ಹೇಳಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಆಯೇರಿ ಎನ್ನುತ್ತಾರೆ. ಅದು ಮುಗಿಯುವ ತನಕ ಹೆಣವೂ ಎದ್ದು ಕೂತು ಹಾರ ಹಾಕಿಸಿಕೊಳ್ಳುತ್ತದೆ. ನನ್ನ ನಾಟಕದಲ್ಲಿ ಆಯೇರಿ ಇಲ್ಲ ಎಂದು ಪಾತ್ರಧಾರಿಗಳ ಮನೆಮನೆಗೂ ಹೋಗಿ ಕೈಮುಗಿದು ಹೇಳಿ ಬಂದೆ. "ಆಗ್ಲೆವಾ, ಕಡೀಕ ಮಾಡ್ತೀವಿ" ಎಂದರು. ನಮ್ಮ ಮನೆಯಲ್ಲಿ ಹೇಳಲಿಲ್ಲ. ಪಾರ್ಟೇ ಇಲ್ಲದವಳಿಗೆ ಯಾರು ಆಯೇರಿ ಮಾಡುತ್ತಾರೆ? ದೀಪದ ಬುಡದಲ್ಲಿ ಕತ್ತಲು.

ನಾಟಕದ ಸಂಜೆ ಕಾಲೇಜಿನ ಮೈದಾನ ತುಂಬಿತ್ತು. ಟ್ರೇಲರಿನ ಹಿಂದಿನಿಂದ ಇಣುಕಿ ನೋಡಿದೆ. ಮುಂದಿನ ಸಾಲಿನಲ್ಲಿ ಅವ್ವ ಓಣಿಯವರ ಜೊತೆ ಕೂತಿದ್ದಳು. ಅಪ್ಪ ಇರಲಿಲ್ಲ. ಹುಡುಗರಿಗೆ ಸನ್ನೆ ಮಾಡಿ ಮಳೆ ತರಿಸಿದೆ.

ಪ್ರವಾಹ ಚಲೋ ಬಂತು. ಸೀರೆಯ ಹೊಳೆ ಪ್ಲಾಟ್‌ಫಾರ್ಮಿನ ಅಂಚಿಗೆ ಏರುತ್ತಿದ್ದರೆ ಕೆಳಗೆ ಹೆಂಗಸರು "ಅದ ನಂದು! ಆ ಹಸರಂದು ನಂದು!" ಎಂದು ಎದ್ದು ನಿಂತರು. ಊರು ಮುಳುಗುವಾಗ ಇಷ್ಟು ಖುಷಿಪಟ್ಟ ಮಂದಿಯನ್ನು ನಾನು ಕಂಡಿಲ್ಲ. ಆ ಗದ್ದಲದ ನಡುವೆ ಯಾರೋ ಪಕ್ಕದ ಏಣಿಯಿಂದ ಸ್ಟೇಜ್ ಹತ್ತಿದರು. ಒಗೆದ ಅಂಗಿ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. ಅಪ್ಪ!

ಸ್ಟೇಷನ್ ಮಾಸ್ತರನ ಪಾರ್ಟಿನ ಹುಡುಗ ರೂಢಿಯಂತೆ ಮಾತು ನಿಲ್ಲಿಸಿ ಮೈಕ್ ಬಿಟ್ಟುಕೊಟ್ಟ. ಹೊಳೆ ನಿಂತಿತು. ಅಪ್ಪ ಮೈಕ್ ಮುಂದೆ ಕೆಮ್ಮಿದ.

"ಇದನ್ನ ಕಲಿಸಿದಾಕಿ ನನ್ನ ಮಗಳ. ಎಲ್ಲೆದಾಳ್ರಿ? ಕರೀರಿ ಆಕೀನ."

ನನ್ನ ಕೈಯಲ್ಲಿ ಹೊಳೆಯ ಒಂದು ತುದಿ ಇತ್ತು. "ಅಪ್ಪಾ, ನಾಟಕ ನಡದೈತಿ, ಇಳಿ!" ಎಂದು ಹಿಂದಿನಿಂದಲೇ ಪಿಸುಗುಟ್ಟಿದೆ.

"ಮ್ಯಾಲ ಬಾರವಾ."

ತುದಿಯನ್ನು ಗೆಳತಿಯ ಕೈಗಿತ್ತು ಹತ್ತಿದೆ. ಚೂಡಿದಾರದ ತುಂಬ ಧೂಳು, ಕೆದರಿದ ತಲೆ. ದೀಪದ ಬೆಳಕಿಗೆ ಎದುರಿನವರು ಕಾಣಲಿಲ್ಲ. ಅಪ್ಪ ಪೇಪರು ಬಿಚ್ಚಿ, ತಾನೇ ನೇಯ್ದ ಸೀರೆಯನ್ನು ನನ್ನ ಹೆಗಲ ಮೇಲೆ ಹೊದಿಸಿದ. ಸೀರೆ ನಮ್ಮ ಮನೆಯಲ್ಲಿ ನೇಯುವುದುಂಟು, ಇಟ್ಟುಕೊಳ್ಳುವುದು ಅಪರೂಪ. ಹೊಸ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನಾನು ಕಟ್ಟಿದ ದೃಶ್ಯ ಕೆಟ್ಟುಹೋಗಿತ್ತು. ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ.

ಚಪ್ಪಾಳೆ ನಿಂತಿತು. ಹೊಳೆ ಹಿಡಿದವರ ಕೈ ಸೋಲುತ್ತಿತ್ತು. "ಆತಲ್ಲಪ, ಇಳಿಯೂಣು ನಡಿ" ಎಂದೆ.

ಅಪ್ಪ ನನ್ನ ರಟ್ಟೆ ಬಿಡಲಿಲ್ಲ.

"ಒಂದೀಟ ನಿಂದ್ರವಾ. ಮಂದಿ ನೋಡ್ಲಿ."

ನಾನು ಅಳುತ್ತ ನಿಂತೆ.