ಕೆಂಪು ಮಣ್ಣಿನ ಚರಗ

ಎಳ್ಳಮಾವಾಸ್ಯೆಯ ಬೆಳಗ್ಗೆ ಸಜ್ಜೆ ಕಡುಬು ಬೇಯುವ ವಾಸನೆಗೆ ಸಿಂದಗಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಮಾತ್ರ ಇಲ್ಲ. ಬೆಲ್ಲ, ಎಳ್ಳು ಕೂಡಿದ ಆ ಬಿಸಿ ವಾಸನೆಯ ಹಿಂದೆಯೇ ಹಸಿ ಸಿಮೆಂಟಿನ ವಾಸನೆ ಬರುತ್ತದೆ. ಅದರ ಹಿಂದೆ ಗೋವಾದ ತಗಡಿನ ಖೋಲಿ, ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ನಮ್ಮವ್ವ.

ಅಪ್ಪ ತೀರಿಕೊಂಡ ಮೇಲೆ ಅವ್ವ ಎಂಟು ವರ್ಷದ ನನ್ನ ಕೈ ಹಿಡಿದು ನಮ್ಮೂರು ಕನ್ನೊಳ್ಳಿ ಬಿಟ್ಟು ಗೋವಾ ಬಸ್ಸು ಹತ್ತಿದಳು. ಯಾರದೋ ದೊಡ್ಡ ಮನೆ ಕಟ್ಟುತ್ತಿದ್ದ ಜಾಗದಲ್ಲೇ, ಹಿತ್ತಲಿನ ಖೋಲಿಯಲ್ಲಿ ನಮ್ಮ ಸಂಸಾರ. ಹಗಲೆಲ್ಲ ತಲೆಯ ಮೇಲೆ ಖಡಿ ಕಲ್ಲಿನ ಬುಟ್ಟಿ, ಸಂಜೆ ಎರಡು ಮನೆಯ ಭಾಂಡೆ ತಿಕ್ಕುವುದು. ಸಿಮೆಂಟು ತಿಂದು ಬಿರಿದ ಅಂಗೈಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಹಚ್ಚುತ್ತಿದ್ದರೆ, "ನೀ ಸಾಲಿ ಕಲಿ. ಬುಟ್ಟಿ ಹೊರಾಕ ನಾ ಅದೇನಿ" ಅನ್ನುತ್ತಿದ್ದಳು. ನೀವೂ ಪರಸ್ಥಳದಲ್ಲಿ, ಯಾರದೋ ನೆಲದ ಮೇಲೆ ಬಾಳಿದ್ದರೆ ಬಲ್ಲಿರಿ, ಅಲ್ಲಿ ಕೆಮ್ಮುವುದಕ್ಕೂ ಹಿಂದೆ ಮುಂದೆ ನೋಡಬೇಕು. ಆದರೂ ಅವ್ವ ಕಂಪೌಂಡಿನ ಮೂಲೆಯಲ್ಲಿ ಊರಿನ ಜೋಳ ಒಂದು ಹಿಡಿ ಬಿತ್ತಿದ್ದಳು. ನಮ್ಮ ಕಪ್ಪು ಎರಿ ಮಣ್ಣಿನ ಮುಂದೆ ಆ ಕೆಂಪು ಮಣ್ಣು ಯಾವ ಲೆಕ್ಕ? ಹದಿನೈದು ದಂಟು ಎದ್ದವು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿ ಉಣ್ಣಲೆಂದು ಅಡಿಗೆಯನ್ನು ಸುತ್ತಲೂ ಚೆಲ್ಲುತ್ತೇವೆ. ಅದೇ ಚರಗ. ಮುಂದಿನವರು ಚೆಲ್ಲುತ್ತ "ಹುಲ್ಲುಲ್ಲಿಗೋ" ಅಂದರೆ, ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಅನ್ನಬೇಕು. ಅವ್ವನಿಗೆ ಆ ಹದಿನೈದು ದಂಟೇ ಹೊಲ. ಅದನ್ನು ಸುತ್ತಿದಳು, ಅನ್ನ ಕೊಡುವ ಜಾಗವಲ್ಲವೇ ಎಂದು ಅರ್ಧ ಕಟ್ಟಿದ ಮನೆಯನ್ನೂ ಸುತ್ತಿದಳು. "ಮೆತ್ತಗ ಅನ್ನು, ಮಂದಿ ಕೇಳ್ತಾರ" ಎಂದು ಮೊದಲೇ ಹೇಳಿದ್ದಳು. ನನಗೋ ಹಬ್ಬದ ಹುರುಪು. ಗಂಟಲು ಹರಿಯುವಂತೆ "ಚಲ್ಲಂಬ್ರಿಗೋ" ಎಂದು ಒದರಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು.

ಮಧ್ಯಾಹ್ನದೊಳಗೆ ಮನೆಯೊಡತಿ ಬಂದಳು. ಬಾಗಿಲ ಚೌಕಟ್ಟು ನಿಲ್ಲಿಸಲು ಎರಡೇ ದಿನ ಉಳಿದಿತ್ತು. ಅಮಾವಾಸ್ಯೆಯ ದಿನ ಮನೆಯ ಸುತ್ತ ಕುಂಕುಮ ಬಿದ್ದ ಅನ್ನ, ಕಡುಬು. ಮುದ್ದೇಬಿಹಾಳ ಕಡೆಯ ಮೇಸ್ತ್ರಿ ಅವಳ ಕೊಂಕಣಿ ಮಾತನ್ನು ನಮಗೆ ತಿಳಿಸಿದ: "ಯಕ್ಕಾ, ಮಾಲಕಿ ಬಾಯಾರು ಇದು ಮಾಟ ಅಂತಾರ. ಚರಗ ಅಂತ ಎಷ್ಟ್ ಹೇಳಿದ್ರೂ ಕೇಳವಲ್ರು. ಸಂಜಿ ಒಳಗ ಖೋಲಿ ಬಿಡಬೇಕಂತ." ಖೋಲಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ನನ್ನ ಶಾಲೆ. ಅವ್ವ ಕೈ ಮುಗಿದಳು. ಒಡತಿ ಇನ್ನೇನೋ ಅಂದಳು. ಮೇಸ್ತ್ರಿ ನೆಲ ನೋಡುತ್ತ, "ಮಾಟ ಅಲ್ಲಂದ್ರ ತಿಂದು ತೋರ್ಸು ಅಂತಾರ" ಎಂದ.

"ಭೂಮಿತಾಯಿಗೆ ಕೊಟ್ಟದ್ರಿ ಅದು. ತಿರುಗಿ ಹ್ಯಾಂಗ್ ತಿನ್ಲಿ?"

ಒಡತಿ ಖೋಲಿಯ ಬಾಗಿಲತ್ತ ನೋಡಿದಳು. ಅವ್ವ ಬಾಗಿ ಒಂದು ಕಡುಬು ಎತ್ತಿ ತಿಂದಳು. ಒಡತಿಗೆ ಅಷ್ಟು ಸಾಲಲಿಲ್ಲ, ನನ್ನತ್ತ ಬೆರಳು ಮಾಡಿದಳು. ಅವ್ವ ಇನ್ನೊಂದು ಕಡುಬಿನ ಇರುವೆ ಊದಿ ನನ್ನ ಬಾಯಿಗಿಟ್ಟು, "ನುಂಗವ್ವಾ" ಎಂದಳು. ಹಲ್ಲಿನ ನಡುವೆ ಮಣ್ಣು ಕರಕರ ಎಂದಿತು. ನಾನು ನುಂಗುವವರೆಗೂ ನಿಂತಿದ್ದು ಒಡತಿ ಹೋದಳು. ಅವಳಿಗೂ ಅಂಜಿಕೆಯಿತ್ತು ಎಂದು ಯಾರಾದರೂ ತಿಳಿಹೇಳಿದರೆ ಕೇಳುತ್ತೇನೆ, ಸಿಟ್ಟು ಮಾತ್ರ ಇಳಿಯುವುದಿಲ್ಲ. ಖೋಲಿ ಉಳಿಯಿತು. ಆ ವರ್ಷ ಶಾಲೆಯಲ್ಲಿ ನಾನು ಪಾಸಾದೆ. ಮನೆ ಮುಗಿದ ಮೇಲೆ ಆ ತಗಡನ್ನೂ ಕಿತ್ತರು.

ನಾನು ನರ್ಸಾಗಿ ಸಿಂದಗಿಗೆ ಬಂದಾಗ ಅವ್ವನೂ ಊರಿಗೆ ಮರಳಿದಳು, ಕನ್ನೊಳ್ಳಿಯಲ್ಲಿ ಎರಡು ಎಕರೆ ಹೊಲ ಕೊಂಡಳು, ಅಜ್ಜಿಯಾದಳು. ಪ್ರತಿ ಎಳ್ಳಮಾವಾಸ್ಯೆಗೂ ನಸುಕಿನಲ್ಲೇ ಎದ್ದು ಅಡಿಗೆ ಮಾಡಿ, ಮೊಮ್ಮಗಳ ಕೈಗೆ ಬುತ್ತಿ ಕೊಟ್ಟು ಕಳಿಸುತ್ತಿದ್ದಳು. ಆ ದಿನ ತಾನು ಮಾತ್ರ ಹೊಲ ತುಳಿಯುತ್ತಿರಲಿಲ್ಲ. "ತಾಯಿಗೆ ಕೊಟ್ಟ ತುತ್ತು ಕಸ್ಗೊಂಡು ತಿಂದಾಕಿ ನಾ. ಯಾವ ಮುಖಾ ಇಟ್ಕೊಂಡು ಹೋಗ್ಲಿ?"

ಒಮ್ಮೆ ಬಾಯಿಬಿಟ್ಟೆ: "ಒದರಿದಾಕಿ ನಾ, ಯವ್ವಾ. ತಪ್ಪು ನಂದು."

"ಒದರಿದ್ದು ಚಲೋ ಆತು" ಎಂದಳು. "ಅವತ್ತು ಒಂದು ಗಳಿಗಿ ನಾ ಊರಾಗ ಇದ್ದೆ."

ಹೋದ ವರ್ಷ ಅವ್ವ ತೀರಿಕೊಂಡಳು. ಈ ಸಲ ಹೊಲಕ್ಕೆ ನಾನೂ ಮಗಳೂ ಹೋದೆವು. ಅವಳು ಚೆಲ್ಲುತ್ತ ಮುಂದೆ ನಡೆದು, ಆಚೆ ಹೊಲದವರಿಗೂ ಕೇಳುವಂತೆ ಒದರಿದಳು. ನೀರಿನ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದ ನಾನು ಸರಕ್ಕನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳು ಗಾಬರಿಯಾಗಿ ನನ್ನನ್ನು ನೋಡಿದಳು. ಕೈ ತೆಗೆದೆ. ನೆಲ ನಮ್ಮದೇ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.