ಕೇಳಿಸದ ಮಾತಿಗೆ ಆಮೆನ್

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಪ್ರಾರ್ಥನೆಯ ನಡುವೆ ಯಾರಿಗಾದರೂ ದೇವರ ಮಾತು ಬಂದರೆ ಎಲ್ಲರೆದುರು ಹೇಳುತ್ತಾರೆ. ಅದು ಯಾರ ಕುರಿತಾದದ್ದೋ ಅವರು ಎದ್ದು ನಿಂತು ಆಮೆನ್ ಅನ್ನಬೇಕು. ಆಮೇಲೆಯೇ ಹಾಡು.

ಗೋಕಾಕ ಫಾಲ್ಸಿನ ಒಂದು ಮನೆಯಲ್ಲಿ ಸೇರುವ ಆ ಸಭೆಗೆ ನಾನೂ ಅವ್ವನೂ ಮೂಡಲಗಿಯಿಂದ ಬಸ್ಸಿಗೆ ಹೋಗುತ್ತೇವೆ. ಕಳೆದ ಮಳೆಗಾಲದ ಒಂದು ಭಾನುವಾರ ಸಭೆಯ ಹಿರಿಯರು ಎಂದಿನಂತೆ ಸಣ್ಣಗೆ ಕೆಮ್ಮಿ, ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ಚಾಚಿದರು.

“ಹುಕ್ಕೇರಿಯೊಳಗ ನನ್ನ ತಂಗಿ ಮಗ ಅದಾನಲ್ಲ, ಅವನ್ನ ಕರ್ತನು ನಿನ್ನ ಸಲುವಾಗಿ ಇಟ್ಟಾನವ್ವಾ. ನನಗ ತೋರಿಸ್ಯಾನ.”

ಎದ್ದು ನಿಂತೆ. ಆಮೆನ್ ಅನ್ನಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ವಾರ ತಪ್ಪದೆ ಬಂದು ಪ್ರಾರ್ಥಿಸಿದವರು ಇವರೇ. ಈಗ ಒಲ್ಲೆನೆಂದರೆ ಇವರಿಗೆ ಅಂದಂತಾಗುತ್ತದೋ ದೇವರಿಗೋ, ತಿಳಿಯಲಿಲ್ಲ. ಕೊನೆಗೆ ಅವರೇ, “ಉಪವಾಸ ಮಾಡಿ ಕೇಳು. ಮುಂದಿನ ವಾರ ಹೇಳು,” ಅಂದರು.

ಬಸ್ಸಿನಲ್ಲಿ ಅವ್ವ, “ದೇವರಿಗೆ ನಮ್ಮ ಮನಿ ದಾರಿ ಗೊತ್ತಿಲ್ಲೇನ? ಅವರ ಮನಿಗೇ ಯಾಕ ಹೋಗಿ ಹೇಳ್ತಾನ?” ಅಂದಳು.

“ಹಂಗ ಅನಬ್ಯಾಡಬೇ.”

“ಕೇಳಾಕತ್ತೇನಿ, ಅಷ್ಟ.”

ಉಪವಾಸದ ಒಂದು ಬೆಳಿಗ್ಗೆ ಮೊಣಕಾಲೂರಿದ್ದಾಗ ನನಗೆ ಕೇಳಿಸಿತು: ಒಪ್ಕೋ. ಮತ್ತೆ ಕೇಳಿಸಿದಾಗ ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮಿತ್ತು. ಅದು ಹಿರಿಯರ ಕೆಮ್ಮು.

ಗುರುತಿನವರ ದನಿಯಲ್ಲಿ ದೇವರು ಮಾತಾಡಬಾರದೆಂದೇನಿಲ್ಲ. ಹಾಗಾಗಿ ದನಿಯನ್ನು ಬಿಟ್ಟು, ಅದು ನನ್ನೊಳಗೆ ಏನು ಮಾಡುತ್ತಿದೆ ಎಂದು ನೋಡಿದೆ. ಹೆದರಿಕೆಯೊಂದೇ ಇತ್ತು. ಅಪ್ಪ ತೀರಿಕೊಂಡ ದಿನ ನನ್ನೊಳಗೆ ಬಂದ ಮಾತು ಹೀಗಿರಲಿಲ್ಲ. ಅದು ದುಃಖ ತೆಗೆಯಲಿಲ್ಲ, ಆದರೆ ನನ್ನನ್ನು ಎಬ್ಬಿಸಿ ಅವ್ವನ ಹತ್ತಿರ ಕಳಿಸಿತ್ತು.

ಶನಿವಾರ ಅವ್ವನ ಜೊತೆ ಹುಕ್ಕೇರಿಗೆ ಹೋದೆ. ಹುಡುಗ ಒಳ್ಳೆಯವನೇ. ಚಹಾ ತಾನೇ ತಂದುಕೊಟ್ಟ.

“ನಿಮಗ ಏನರ ಕೇಳಿಸೇತೇನ್ರಿ?” ಅಂದೆ.

“ಮಾಮಾಗ ಕೇಳಿಸೇತಿ ಅಂತರಿ.” ತುಸು ತಡೆದು, “ನಿಮಗೂ ಕೇಳಿಸಿರಬೇಕು ಅನ್ಕೊಂಡಿದ್ದೆ,” ಅಂದ.

ಭಾನುವಾರ ಹಿರಿಯರು ನನ್ನತ್ತ ನೋಡಿದರು. ಎದ್ದು ನಿಂತೆ.

“ಕಾಕಾ, ನನಗ ದೇವರ ಮಾತು ಕೇಳಿಸಿಲ್ಲರಿ. ಕೇಳಿಸಲಾರದ್ದಕ್ಕ ಆಮೆನ್ ಅನ್ನಾಕ ಬರಂಗಿಲ್ಲರಿ.”

“ಅವಿಧೇಯತೆ ದೊಡ್ಡ ಪಾಪವ್ವಾ.”

“ಹೌದರಿ. ಅದಕ್ಕ ಸುಳ್ಳ ಹೇಳಾಕ ಅಂಜಾಕತ್ತೇನಿ.”

ಯಾರೂ ಹಾಡು ಎತ್ತಲಿಲ್ಲ. ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ, ಆಗ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಕೆಳಗೆ ಕುಳಿತಿದ್ದ ಅವ್ವ ನನ್ನ ಸೆರಗಿನ ತುದಿ ಹಿಡಿದಿದ್ದಳು. ಕೂಡು ಎಂದು ಎಳೆಯಲಿಲ್ಲ.