ಬೀಗರಿಗೆ ಉಣ್ಣಿಸಿದ್ದಕ್ಕೆ ಬಿದ್ದ ಕೋರ್ಟು ಖರ್ಚು

ನನ್ನ ತಂಗಿ ಗಂಡನ ಅಣ್ಣನಿಗೆ ಹರಿಹರದಲ್ಲಿ ಮಿಕ್ಸಿ, ಗ್ರೈಂಡರ್ ಅಂಗಡಿ ಇದೆ. ಅಲ್ಲಿ ಕೊಂಡ ಗ್ರೈಂಡರ್ ದೋಸೆ ಹಿಟ್ಟಿನ ನಡುವೆಯೇ ಗುರ್ ಎಂದು ನಿಂತಿತು. ಕೇಳಿದರೆ ಬೀಗರು ನಕ್ಕರು: "ಕಂಪನಿಯೋರನ್ನ ಕೇಳ್ರಿ ಅಕ್ಕಾರ. ಬೇಕಾದ್ರೆ ಕೋರ್ಟಿಗೆ ಹೋಗ್ರಿ." ಹೋಗೇಬಿಟ್ಟೆ, ದಾವಣಗೆರೆಯ ಗ್ರಾಹಕರ ನ್ಯಾಯಾಲಯಕ್ಕೆ.

ವಾಯಿದೆಯ ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ಕೇಸು ಕೂಗುವುದು ಮಧ್ಯಾಹ್ನವಾಗುತ್ತದೆ ಎಂದ ಜವಾನ. ಬೀಗರ ಮುಖ ಬಾಡಿತ್ತು. ಮನೆಯಲ್ಲಿ ಬರೀ ಚಹಾ ಕುಡಿದು ಬಸ್ಸು ಹತ್ತಿದ್ದರಂತೆ. ನಮ್ಮೂರಿಗೆ ಬಂದ ಬೀಗರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುವುದು ಹೆಂಗೆ? ಆಟೋ ಹತ್ತಿಸಿ ವಿದ್ಯಾನಗರದ ಮನೆಗೆ ಕರೆದೊಯ್ದೆ. ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ಉಂಡಿದ್ದಕ್ಕಿಂತ "ಇನ್ನೊಂದು ಹಾಕಲೇನ್ರಿ", "ಬ್ಯಾಡ್ರಿ, ಬ್ಯಾಡ್ರಿ" ಎಂಬ ಮಾತಿಗೇ ಹೊತ್ತು ಹೋಯಿತು.

ವಾಪಸ್ ಬರುವಷ್ಟರಲ್ಲಿ ಕೇಸು ಮುಗಿದಿತ್ತು. ಅವರ ಪರ ವಕೀಲರಿದ್ದರು, ನನ್ನ ಪರ ಯಾರೂ ಇರಲಿಲ್ಲ. ದೂರು ವಜಾ. ಮೇಲಾಗಿ ನಾನೇ ಬೀಗರಿಗೆ ಕೋರ್ಟು ಖರ್ಚು ಕಟ್ಟಿಕೊಡಬೇಕು! ಹೋಗಲಿ, ಕಟ್ಟಬಹುದಿತ್ತು. ಆದರೆ ಆದೇಶದಲ್ಲಿ ನಾನು ಅಸಡ್ಡೆಯವಳು, ಸುಮ್ಮನೆ ಎಲ್ಲರ ಹೊತ್ತು ಹಾಳು ಮಾಡಿದವಳು ಎಂದು ಬರೆದಿದ್ದರು. ಹಾಲಿನವನು ಬರುವ ಮೊದಲೇ ಪಾತ್ರೆ ತೊಳೆದಿಟ್ಟುಕೊಳ್ಳುವ ನಾನು ಅಸಡ್ಡೆಯವಳೇ? ಆ ಮಾತು ಅಳಿಸಲೇಬೇಕೆಂದು ಬೆಂಗಳೂರಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು ಒಬ್ಬ ವಕೀಲರನ್ನು ಹಿಡಿದೆ.

"ಜ್ವರ ಇತ್ತು ಅಂತ ಬರೆಯೋಣ್ರಿ," ಎಂದರು ಅವರು.

"ಜ್ವರ ಯಾಕೆ? ಊಟಕ್ಕೆ ಹಾಕ್ತಿದ್ದೆ ಅಂತ ಬರೀರಿ."

"ಯಾರಿಗೆ?"

"ಎದುರು ಪಾರ್ಟಿಗೆ."

ವಕೀಲರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ವಿಷಯ ಕೇಳಿದ ಬೀಗರು ಮಾತ್ರ ಕೂಡಲೇ ಒಪ್ಪಿದರು. "ಉಂಡಿದ್ದು ಖರೆ ಐತೆ, ನಾನೇ ಬಂದು ಹೇಳ್ತೀನಿ." ಅದನ್ನು ಕೇಳಿ ಬೀಗರ ವಕೀಲರು ಅವರ ಫೋನು ಎತ್ತುವುದನ್ನೇ ಬಿಟ್ಟರಂತೆ.

ಬೆಂಗಳೂರಿಗೆ ಇಬ್ಬರದೂ ಒಂದೇ ರೈಲು. ಹರಿಹರದಲ್ಲಿ ಹತ್ತಿದ ಬೀಗರು ನನಗೊಂದು ಸೀಟಿಗೆ ಟವೆಲ್ ಹಾಸಿಟ್ಟಿದ್ದರು.

"ಖರ್ಚಿನ ಆದೇಶ ರದ್ದು ಮಾಡಿದರೆ ನಿಮ್ಮ ತಕರಾರು ಇಲ್ಲವೇ?" ಎಂದು ನ್ಯಾಯಾಧೀಶರು ಬೀಗರನ್ನು ಕೇಳಿದರು.

"ಸ್ವಾಮಿ, ಇವರ ಮನ್ಯಾಗೆ ಉಂಡು ಇವರ ಕಡೆಯಿಂದ್ಲೇ ರೊಕ್ಕ ಇಸ್ಕೊಂಡ್ರೆ ನನ್ನ ಹೆಂಡ್ತಿ ನನಗೆ ಊಟಕ್ಕೆ ಹಾಕ್ತಾಳೇನ್ರಿ?"

ನ್ಯಾಯಾಧೀಶರು ಬಾಯಿಗೆ ಕೈ ಅಡ್ಡ ಹಿಡಿದರು. ಖರ್ಚು ರದ್ದಾಯಿತು. ಗೈರುಹಾಜರಿ ಅಸಡ್ಡೆಯಿಂದ ಆದದ್ದಲ್ಲ ಎಂದು ಬರೆಸಿದರು. ನನಗೆ ಕಣ್ಣು ತುಂಬಿ ಬಂತು.

"ಇಬ್ಬರೂ ಇಷ್ಟು ಹೊಂದಿಕೊಂಡಿದ್ದೀರಿ, ಗ್ರೈಂಡರಿನದೂ ಇಲ್ಲೇ ರಾಜಿ ಮಾಡಿಕೊಳ್ಳಿ," ಎಂದರು ನ್ಯಾಯಾಧೀಶರು.

ಬೀಗರು ಸೆಟೆದು ನಿಂತರು. "ಅದು ಬ್ಯಾರೆ ಮಾತು ಸ್ವಾಮಿ. ಇವರು ನೀರು ಕಮ್ಮಿ ಹಾಕಿ ರುಬ್ಯಾರೆ."

"ನಾನಾ? ನೀರು ಕಮ್ಮೀನಾ?" ಎಂದೆ, ಎಲ್ಲಿದ್ದೇನೆ ಎನ್ನುವುದನ್ನೂ ಮರೆತು.

ದೂರು ಮತ್ತೆ ದಾವಣಗೆರೆಗೇ ಹೋಗಲಿ ಎಂದು ಆದೇಶವಾಯಿತು. ಜವಾನ ಬಂದು, ಆಚೆ ಹೋಗಿ ಜಗಳ ಆಡಿ ಎಂದು ಇಬ್ಬರಿಗೂ ಬಾಗಿಲು ತೆಗೆದ.